ಐದಾರು ಎಂದರೆ ಎಷ್ಟು

ವಾದಕ್ಕೆ ನಿಲ್ಲುವುದು ನನಗೆ ಕಾಲೇಜಿನಲ್ಲಿ ಅಂಟಿದ ಚಟ. ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂದು ಚೀಟಿ ಎತ್ತಿಸುತ್ತಿದ್ದರು. ಯಾವುದು ಬಂದರೂ ಅದೇ ಸರಿ ಎಂದು ಸಾಧಿಸಬೇಕು. ಹಾಗಾಗಿ ಚನ್ನಗಿರಿಯ ಒಂದು ಸಣ್ಣ ದಿನಪತ್ರಿಕೆಗೆ ಸೇರಿದ ಮೊದಲ ದಿನ, ಸುದ್ದಿಯಲ್ಲಿ ಸಂಖ್ಯೆಗಳನ್ನು ಹೇಗೆ ಬರೆಯಬೇಕು ಎಂಬ ನಿಯಮಗಳನ್ನು ನನಗೆ ಹೇಳಿಕೊಟ್ಟಾಗ ಚೀಟಿ ಎತ್ತುವವರೆಗೂ ಕಾಯದೆ ವಿರೋಧ ಪಕ್ಷ ಹಿಡಿದೆ.

ಹೇಳಿಕೊಟ್ಟವರು ಪುಟಗಳ ಉಸ್ತುವಾರಿ ನೋಡುವ ಹಿರಿಯ ಉಪಸಂಪಾದಕಿ. ಹೊನ್ನಾಳಿ ಕಡೆಯವರು. ಕಚೇರಿಯಲ್ಲಿ ಮಾಲೀಕರನ್ನೂ ಸೇರಿಸಿ ಎಲ್ಲರಿಗೂ ಅವರು ‘ಅಕ್ಕ’. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳ ಸುದ್ದಿ ಅವರ ಕಣ್ಣಿನ ಕೆಳಗೆ ಹಾದೇ ಅಚ್ಚಿಗೆ ಹೋಗಬೇಕು. ನಿಯಮಗಳು ಹೆಚ್ಚೇನಿರಲಿಲ್ಲ. ಒಂಬತ್ತರವರೆಗೆ ಅಕ್ಷರ, ಹತ್ತರಿಂದ ಅಂಕಿ. ವಾಕ್ಯವನ್ನು ಅಂಕಿಯಿಂದ ಶುರು ಮಾಡಬಾರದು. ಮನುಷ್ಯರನ್ನು ಎಣಿಸುವಾಗ ಇಬ್ಬರು, ಮೂವರು, ನಾಲ್ವರು, ಐವರು ಎಂದೇ ಬರೆಯಬೇಕು. ‘3 ಜನ’ ಎಂದು ಬರೆದರೆ ಅಕ್ಕ ಹೊಡೆದುಹಾಕುತ್ತಿದ್ದರು.

ಮೂರು ಜನ ಎಂದರೂ ಮೂವರು ಎಂದರೂ ಅರ್ಥ ಒಂದೇ ಅಲ್ಲವೇ ಎಂದು ಕೇಳಿದೆ. ಕುರಿ ಎಣಿಸುವುದಕ್ಕೂ ಮನುಷ್ಯರನ್ನು ಎಣಿಸುವುದಕ್ಕೂ ನಮ್ಮ ಭಾಷೆ ಬೇರೆ ಬೇರೆ ಮಾತು ಇಟ್ಟುಕೊಂಡಿದೆ, ಇರುವುದನ್ನು ಯಾಕೆ ಬಿಡಬೇಕು ಎಂದರು. ನನಗೆ ಅಲ್ಲೇ ಸಂದು ಕಂಡಿತು.

“ಐವರಿಗೆ ನಿಂತುಹೋಯ್ತಲ್ಲಕ್ಕ. ಆಮೇಲೆ ಆರು ಮಂದಿ, ಏಳು ಮಂದಿ. ಹಂಗಾದ್ರೆ ಆರನೆಯವನು ಮನುಷ್ಯ ಅಲ್ವಾ?”

ಅಕ್ಕ ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. “ಆರನೇಯೋನು ಬರೋ ಹೊತ್ತಿಗೆ ಭಾಷೆಗೂ ಸುಸ್ತಾಗಿರ್ತೈತೆ ತಾಯಿ. ಇರೋ ಐವರನ್ನಾದ್ರೂ ನೆಟ್ಟಗೆ ಬರಿ.”

ಅದು ಉತ್ತರವಾಗಿರಲಿಲ್ಲ. ಆದರೂ ಅವರು ‘ಅದು ಹಂಗೇ, ಸುಮ್ನಿರು’ ಎನ್ನಲಿಲ್ಲವಲ್ಲ ಎಂಬುದೇ ನನಗೆ ಹಿಡಿಸಿತು. ಮನೆಯಲ್ಲಿ, ಕಾಲೇಜಿನಲ್ಲಿ ನನ್ನ ಪ್ರಶ್ನೆಗಳಿಗೆ ಸಿಗುತ್ತಿದ್ದದ್ದು ಚಪ್ಪಾಳೆ, ಇಲ್ಲವೇ ಗದರಿಕೆ. ಪುಟ ಮುಗಿಸುವ ಗಡಿಬಿಡಿಯಲ್ಲೂ ಎದುರು ಕೂತು ವಾದಿಸುವವರು ಸಿಕ್ಕಿದ್ದು ಅದೇ ಮೊದಲು. ಸಂತೇಬೆನ್ನೂರಿನಿಂದ ದಿನವೂ ಬಸ್ಸಿನಲ್ಲಿ ನಿಂತು ಬರುವ ನಾನು ದಾರಿಯುದ್ದಕ್ಕೂ ಅವತ್ತಿನ ವಾದವನ್ನು ಹೊಂದಿಸಿಕೊಳ್ಳುತ್ತಿದ್ದೆ.

ನಮ್ಮ ದೊಡ್ಡ ಜಗಳ ‘ಐದಾರು’ ಎಂಬ ಮಾತಿನ ಮೇಲಿತ್ತು. ನಮ್ಮ ಕಡೆ ಯಾರೂ ಸರಿಯಾಗಿ ಎಣಿಸಿ ಹೇಳುವುದಿಲ್ಲ. ಎರಡು ಮೂರು, ನಾಲ್ಕೈದು, ಹತ್ತಿಪ್ಪತ್ತು ಎಂದೇ ಮಾತು. ಸುದ್ದಿಯಲ್ಲಿ ಅಂಥ ಮಾತು ಅನಿವಾರ್ಯವಾದರೆ ಅಕ್ಷರದಲ್ಲೇ ಬರೆಯಿರಿ ಎಂದು ಅಕ್ಕ. 5-6 ಎಂದರೆ ಜಾಗವೂ ಉಳಿಯುತ್ತದೆ, ಓದಲೂ ಸುಲಭ ಎಂದು ನಾನು. ಈ ಜಗಳ ತೀರ್ಮಾನವಾಗಿರಲಿಲ್ಲ.

ಒಂದು ಸಂಜೆ ಜಗಳೂರಿನ ಸುದ್ದಿ ಬಂತು. ಅಲ್ಲಿನ ನಮ್ಮ ವರದಿಗಾರರು ಜೆರಾಕ್ಸ್ ಅಂಗಡಿ ನಡೆಸುತ್ತಾರೆ, ಗಿರಾಕಿಗಳ ನಡುವೆಯೇ ಮೊಬೈಲಿನಲ್ಲಿ ಸುದ್ದಿ ಟೈಪ್ ಮಾಡುತ್ತಾರೆ. ಅದು ಪುಟದ ಫಾಂಟಿಗೆ ಬದಲಾಗಿ ನನ್ನ ಮುಂದೆ ಬಂದಾಗ ಶೀರ್ಷಿಕೆ ಹೀಗಿತ್ತು: ‘ಬಿಸಿಯೂಟ ಸೇವಿಸಿ 56 ಮಕ್ಕಳು ಅಸ್ವಸ್ಥ’. ಪುಟ ವಿನ್ಯಾಸ ಮಾಡುವವರು ಆಗಲೇ ಅದಕ್ಕೆ ದಪ್ಪ ಅಕ್ಷರ ಕೊಟ್ಟು ಮೇಲಕ್ಕೆ ಏರಿಸಿದ್ದರು.

ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದೆ. ಮುಖ್ಯ ಶಿಕ್ಷಕರು ಮಕ್ಕಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು ಎಂದಿತ್ತು. ಒಂದೇ ಆಟೋ. ನಮ್ಮ ಕಡೆ ಆಟೋಗಳು ಎಷ್ಟು ಜನರನ್ನು ತುಂಬುತ್ತವೆ ಎಂಬುದು ನನಗೆ ಗೊತ್ತು, ಆದರೂ ಐವತ್ತಾರು ಮಕ್ಕಳನ್ನು ಕೂರಿಸುವ ಆಟೋ ಇನ್ನೂ ರಸ್ತೆಗೆ ಬಂದಿಲ್ಲ. ಅಕ್ಕನಿಗೆ ಹೇಳಿದೆ. ಫೋನ್ ಹಚ್ಚು ಎಂದರು. ಹಚ್ಚಿ, ಅವರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

“ಐವತ್ತಾರಾ? ಐದಾರು ಮೇಡಂ,” ಎಂದರು ವರದಿಗಾರರು. “ನಡುವೆ ಗೆರೆ ಹಾಕೀನಲ್ಲ, ನೋಡ್ರಿ.”

ಅವರು ಕಳಿಸಿದ ಮೂಲದಲ್ಲಿ ಗೆರೆ ಇತ್ತು. ಫಾಂಟ್ ಬದಲಾಗುವಾಗ ಉದುರಿಹೋಗಿತ್ತು. ಅಕ್ಕ ನನ್ನ ಕಡೆ ತಿರುಗಿದರು; 5-6 ಎಂದು ಬರೆದರೆ ಸಾಕೆಂದು ವಾದಿಸಿದ್ದವಳು ನಾನೇ.

ವರದಿಗಾರರು ಇನ್ನೊಂದು ಮಾತು ಸೇರಿಸಿದರು. ಅಡುಗೆಯಾಕೆಯನ್ನು ಕೆಲಸದಿಂದ ತೆಗೆಯಬೇಕೆಂದು ಊರಲ್ಲಿ ಆಗಲೇ ಮಾತು ಎದ್ದಿದೆ. ಬೆಳಿಗ್ಗೆ ಶಾಲಾ ಸಮಿತಿಯ ಸಭೆ. “ಪೇಪರ್ನಾಗೆ ಏನು ಬರ್ತೈತೋ ನೋಡಾನ ಅಂತ ಕುಂತಾರೆ ಎಲ್ಲ.”

‘ಐದಾರು ಮಕ್ಕಳು’ ಎಂದು ಅಕ್ಷರದಲ್ಲಿ ತಿದ್ದಿ ಮುಗಿಸೋಣ ಎಂದೆ. ಅಕ್ಷರಕ್ಕೆ ಒಪ್ಪಿದೆನಲ್ಲ, ಇನ್ನೇನು ಬೇಕು? ಅಕ್ಕನಿಗೆ ಅದೂ ಸಾಲಲಿಲ್ಲ.

“ಐದೋ, ಆರೋ?”

“ಒಂದು ಹೆಚ್ಚು, ಒಂದು ಕಮ್ಮಿ. ಏನು ವ್ಯತ್ಯಾಸ ಅಕ್ಕ?”

“ಆ ಒಂದು ಯಾರ ಮನೆ ಮಗು ಅಂತ ಕೇಳು. ವ್ಯತ್ಯಾಸ ಅವ್ರು ಹೇಳ್ತಾರೆ.”

ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದ ನರ್ಸಮ್ಮ ಕೆಲಸದ ಒತ್ತಡದಲ್ಲಿದ್ದರು, ಆದರೂ ಸ್ಪಷ್ಟವಾಗಿ ಹೇಳಿದರು. ಬಂದ ಮಕ್ಕಳು ಐದು. ವಾಂತಿಯಾದದ್ದು ನಾಲ್ಕಕ್ಕೆ. ಐದನೆಯವಳು ತಮ್ಮನ ಕೈ ಬಿಡುವುದಿಲ್ಲವೆಂದು ಆಟೋ ಹತ್ತಿ ಬಂದ ಅಕ್ಕ, ಆಸ್ಪತ್ರೆಯ ಬೆಂಚಿನ ಮೇಲೆ ಬಿಸ್ಕತ್ತು ತಿನ್ನುತ್ತ ಕೂತಿದ್ದಾಳೆ. ಕಾರಣ ಏನೆಂದು ಡಾಕ್ಟರೇ ಹೇಳಬೇಕು.

“ಹಂಗಾದ್ರೆ ಆರನೇದು ಮೇಷ್ಟ್ರು,” ಎಂದರು ನಮ್ಮ ಅಕ್ಕ. ನಗದೆ ಮುಂದಿನ ಪ್ರಶ್ನೆ ಹಾಕಿದರು: “ನಾಲ್ವರು ಸರಿ. ಎಷ್ಟರಾಗೆ ನಾಲ್ವರು?”

ಈ ನಿಯಮವನ್ನು ಅವರು ನನಗೆ ಹೇಳಿಕೊಟ್ಟಿರಲಿಲ್ಲ. ಮುಖ್ಯ ಶಿಕ್ಷಕರನ್ನು ಹಿಡಿದೆ. ಅವತ್ತು ಊಟಕ್ಕೆ ಕೂತದ್ದು ನಲವತ್ತೊಂದು ಮಕ್ಕಳು. ಅದೇ ಅನ್ನ, ಅದೇ ಸಾರನ್ನು ತಾವೂ ಉಂಡಿದ್ದಾಗಿ, ಅಡುಗೆಯಾಕೆಯೂ ಉಂಡಿದ್ದಾಗಿ ಹೇಳಿದರು. ಅಂದರೆ ನಾವು ಅಚ್ಚು ಹಾಕಲಿದ್ದ ಸಂಖ್ಯೆಯಷ್ಟು ಮಕ್ಕಳು ಆ ದಿನ ಶಾಲೆಯಲ್ಲಿ ಉಂಡೇ ಇರಲಿಲ್ಲ.

ಈಗ ನನ್ನ ಸರದಿ ಬಂತು. ಶೀರ್ಷಿಕೆಯ ಸಂಖ್ಯೆ ತಿದ್ದಿದರೂ ‘ಸೇವಿಸಿ’ ಉಳಿಯಿತಲ್ಲ ಎಂದೆ. ‘ಸೇವಿಸಿ ಅಸ್ವಸ್ಥ’ ಎಂದಮೇಲೆ ಊಟದಿಂದಲೇ ಆಯಿತೆಂದು ನಾವೇ ತೀರ್ಪು ಕೊಟ್ಟಂತೆ. ಊಟದ ನಂತರ ಆದದ್ದೆಲ್ಲ ಊಟದಿಂದ ಆದದ್ದಲ್ಲ. ಕಾಲೇಜಿನ ವೇದಿಕೆಯಲ್ಲಾಗಿದ್ದರೆ ಇದಕ್ಕೆ ಇನ್ನೂ ಹತ್ತು ಮಾತು ಹೊಸೆಯುತ್ತಿದ್ದೆ. ಅಕ್ಕನಿಗೆ ಒಂದೇ ಸಾಕಾಯಿತು. ತೆಗಿ ಎಂದರು. ಅವರೊಂದಿಗಿನ ವಾದದಲ್ಲಿ ನಾನು ಅಷ್ಟು ಬೇಗ ಗೆದ್ದದ್ದು ಅದೊಂದೇ ಸಲ.

ಶೀರ್ಷಿಕೆ ‘ನಾಲ್ವರು ಮಕ್ಕಳು ಅಸ್ವಸ್ಥ’ ಎಂದಾಯಿತು. ಊಟ ಮಾಡಿದ 41 ಮಕ್ಕಳ ಪೈಕಿ ನಾಲ್ವರಿಗೆ ವಾಂತಿಯಾಗಿದೆ, ಅದೇ ಊಟ ಮಾಡಿದ ಮುಖ್ಯ ಶಿಕ್ಷಕರಿಗೂ ಅಡುಗೆಯವರಿಗೂ ತೊಂದರೆಯಾಗಿಲ್ಲ, ಕಾರಣ ತಿಳಿದುಬಂದಿಲ್ಲ ಎಂದು ಬರೆದೆವು. ಸುದ್ದಿ ಪುಟದ ಮೇಲಿಂದ ಇಳಿದು ಕೆಳಗಿನ ಮೂಲೆಗೆ ಬಂತು.

ಮರುದಿನ ಸಂಜೆ ವರದಿಗಾರರು ಸಭೆಯ ಸುದ್ದಿ ಹೇಳಲು ಫೋನ್ ಮಾಡಿದರು. ಪತ್ರಿಕೆಯನ್ನು ಯಾರೋ ಗಟ್ಟಿಯಾಗಿ ಓದಿದರಂತೆ. ನಾಲ್ವರೇನಾ, ಯಾರ್ಯಾರು ಎಂಬ ಪ್ರಶ್ನೆ ಎದ್ದಿತಂತೆ. ನೋಡಿದರೆ ನಾಲ್ವರೂ ಒಂದೇ ಓಣಿಯ ಮಕ್ಕಳು. ಕೂರಿಸಿಕೊಂಡು ಕೇಳಿದಾಗ, ಶಾಲೆಯ ಬೇಲಿಯ ಕಾಡುಹರಳಿನ ಬೀಜ ಒಡೆದು ತಿಂದದ್ದು ಹೊರಬಿತ್ತು. ಡಾಕ್ಟರಿಗೂ ಅದೇ ಅನುಮಾನವಿತ್ತಂತೆ. ಅಡುಗೆಯಾಕೆಯ ಕೆಲಸ ಉಳಿಯಿತು.

ಆಕೆ ಆ ಹೊತ್ತಿಗೆ ಜೆರಾಕ್ಸ್ ಅಂಗಡಿಯಲ್ಲೇ ಇದ್ದರು. ಫೋನ್ ಇಸಿದುಕೊಂಡರು. ಕೃತಜ್ಞತೆಯ ಮಾತು ಬರಬಹುದೆಂದು ಕಾದೆ. ಬಂದದ್ದು ತಕರಾರು.

“ನಾಕು ಮಕ್ಕಳೂ ಇವತ್ತು ಸಾಲಿಗೆ ಬಂದಾವ್ರೀ. ನನ್ನ ಕೈಯಾಗೇ ಉಂಡಾವು. ಬಿದ್ದಿದ್ದು ಹಾಕ್ತೀರಿ, ಎದ್ದಿದ್ದು ಯಾಕ್ರಿ ಹಾಕಂಗಿಲ್ಲ?”

ನನಗೆ ಸಿಕ್ಕ ಒಳ್ಳೆಯ ಗುರುಗಳೆಲ್ಲ ನನ್ನನ್ನು ಹೀಗೆ ಸೋಲಿಸಿದವರೇ. ನಾನೇ ಆಕೆಗೆ ಧನ್ಯವಾದ ಹೇಳಿ ಫೋನ್ ಇಟ್ಟೆ.

ಅವತ್ತಿನ ಪುಟದಲ್ಲಿ ಜಾಗವಿರಲಿಲ್ಲ. ನ್ಯಾಮತಿಯ ಒಂದು ಪ್ರಕಟಣೆಯನ್ನು ಮರುದಿನಕ್ಕೆ ತಳ್ಳಿ ಅಕ್ಕ ಮೂರು ಸಾಲು ಬಿಡಿಸಿಕೊಟ್ಟರು. ಅಸ್ವಸ್ಥರಾಗಿದ್ದ ನಾಲ್ವರೂ ಮಕ್ಕಳು ಗುಣಮುಖರಾಗಿ ಶಾಲೆಗೆ ಮರಳಿದ್ದು, ಎಂದಿನಂತೆ ಮಧ್ಯಾಹ್ನದ ಊಟ ಮಾಡಿದ್ದಾರೆ ಎಂದು ಬರೆದು ಅವರ ಮುಂದಿಟ್ಟೆ. ಪೆನ್ನು ಹಿಡಿದು ಓದಿದರು. ಏನನ್ನೂ ತಿದ್ದಲಿಲ್ಲ.

“ನಾಲ್ವರೂನಾ? ಕೇಳಿದ್ಯಾ?”

ಮೇಷ್ಟ್ರನ್ನು ಕೇಳಿಯೇ ಬರೆದಿದ್ದೆ. ನಾಲ್ವರೂ.