ನೆಡದ ಕಲ್ಲು

ಆ ಕಾಲಕ್ಕೆ ಸೌದಿಯ ಜಿದ್ದಾದ ಅಜೀಜಿಯಾ ಬಡಾವಣೆಗೆ ಊರಿನಿಂದ ಯಾರೇ ಬಂದಿಳಿಯಲಿ, ಅವರನ್ನು ತಿರುಗಾಡಿಸುವ ಕೆಲಸ ಉಮ್ಮರಬ್ಬನದ್ದು. ಯಾರೂ ವಹಿಸಿದ್ದಲ್ಲ, ತಾನಾಗಿಯೇ ಹೆಗಲಿಗೆ ಹಾಕಿಕೊಂಡದ್ದು. ವಾರವಿಡೀ ಟೈರ್ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿ ರಬ್ಬರಿನ ವಾಸನೆ ಕುಡಿಯುತ್ತಿದ್ದ ಮನುಷ್ಯ, ಶುಕ್ರವಾರ ಜುಮಾ ನಮಾಜು ಮುಗಿಸಿ ಉಂಡೆದ್ದು ತನ್ನ ಹಳೆಯ ನೀಲಿ ಡಾಟ್ಸನ್ ಕಾರಿನ ಗಾಜು ಒರೆಸತೊಡಗಿದನೆಂದರೆ ಬೇರೆಯೇ ಆಳಾಗಿಬಿಡುತ್ತಿದ್ದ. ಆಗ ಅವನ ಬಾಯಿಗೆ ಬೀಗ ಹಾಕಲು ಹೆಂಡತಿ ಝೊಹರಾಳಿಂದಲೂ ಆಗುತ್ತಿರಲಿಲ್ಲ.

ತಿರುಗಾಟಕ್ಕೊಂದು ಕ್ರಮವಿತ್ತು. ಮೊದಲು ರಸ್ತೆಯ ವೃತ್ತದಲ್ಲಿ ನಿಲ್ಲಿಸಿದ ದೈತ್ಯ ಸೈಕಲ್. "ಇದು ಹಿಂದಿನ ಕಾಲದವರ ಸೈಕಲ್. ಆಗ ಜನ ಅಷ್ಟು ಎತ್ತರ ಇದ್ದರು" ಎಂದು ಗಂಭೀರ ಮುಖ ಮಾಡಿಕೊಂಡೇ ಹೇಳುತ್ತಿದ್ದ. ನಂಬಿ ಊರಿಗೆ ಹೋಗಿ ಹೇಳಿದವರೂ ಇದ್ದರು. ಆಮೇಲೆ ಕಡಲ ದಂಡೆಯ ಕಾರ್ನಿಶ್ ರಸ್ತೆ, ಅಲ್ಲಿ ಸಾಲಾಗಿ ನಿಂತ ಕಬ್ಬಿಣದ, ಕಲ್ಲಿನ ವಿಚಿತ್ರ ಆಕೃತಿಗಳು. ಕೊನೆಗೆ ಊರಿನ ಉತ್ತರಕ್ಕೆ ಕಡಲಂಚಿನ ಬಡಾವಣೆಯೊಂದರಲ್ಲಿ ಯೆಮೆನಿನ ಹದ್ರಮೌತ್ ಮೂಲದ ಒಬ್ಬ ಮುದುಕ ವ್ಯಾಪಾರಿಯ ಮನೆ. ಆತ ಕೆಳ ಅಂತಸ್ತಿನಲ್ಲಿ ಹಳೆಯ ಸಾಮಾನುಗಳನ್ನು ಜೋಡಿಸಿಟ್ಟು, ಶುಕ್ರವಾರ ಸಂಜೆ ಬಂದವರಿಗೆ ಬಾಗಿಲು ತೆರೆಯುತ್ತಿದ್ದ. ಕತ್ತಿ, ಕಂಬಳಿ, ಹಡಗಿನ ಲಂಗರು ಎಲ್ಲ ಇತ್ತು. ಆದರೆ ಹಿಂದಿನ ಕೋಣೆಯೊಂದರಲ್ಲಿ ಏಡನ್ನಿನ ಯಹೂದಿಗಳು ಬಿಟ್ಟುಹೋದ ವಸ್ತುಗಳಿದ್ದವು. ಆ ಒಂದು ಕೋಣೆಯ ದೆಸೆಯಿಂದ ನಮ್ಮವರು ಇಡೀ ಮನೆಗೇ ಯಹೂದಿ ಮ್ಯೂಸಿಯಂ ಎಂದು ಹೆಸರಿಟ್ಟಿದ್ದರು. "ಹೊರಗೆ ಜೋರಾಗಿ ಹೇಳಬೇಡಿ ಆಯ್ತಾ" ಎಂದು ಉಮ್ಮರಬ್ಬ ಪಿಸುಗುಟ್ಟುತ್ತಿದ್ದ. ಪಿಸುಗುಟ್ಟಿದ್ದರಿಂದ ನೋಡುವವರಿಗೆ ರುಚಿ ಹೆಚ್ಚುತ್ತಿತ್ತು.

ಇಂಥವನು ಅತ್ತಿಗೆ ಆಸ್ಯಮ್ಮ ಬಂದಾಗ ಮಾತ್ರ ಬಾಯಿ ಕಟ್ಟಿದವನಂತಾದ.

ಆಸ್ಯಮ್ಮ ಸಾವಿರದ ಒಂಬೈನೂರ ಎಂಬತ್ತೈದರ ಹಜ್‌ಗೆ ತನ್ನ ಅಣ್ಣ ಪೊಡಿಯಬ್ಬನ ಜೊತೆ ಬೊಂಬಾಯಿಯಿಂದ ಹಡಗು ಹತ್ತಿ ಬಂದಿದ್ದಳು. ಹಜ್ ಮುಗಿಯಿತು. ತಿರುಗಿ ಹಡಗು ಹೊರಡುವವರೆಗೆ ಮೈದುನನ ಮನೆಯಲ್ಲಿ ಉಳಿದಳು. ಅವಳ ಗಂಡ ಮೊಯಿದಿನಬ್ಬ ಇದೇ ಜಿದ್ದಾದಲ್ಲಿ ವೆಲ್ಡರ್ ಆಗಿದ್ದವನು. ನಾಲ್ಕು ವರ್ಷದ ಹಿಂದೆ ಕೆಲಸದ ನಡುವೆ ಚಹಾ ಕುಡಿಯುತ್ತಾ ಕೂತವನು ಎದೆ ಹಿಡಿದುಕೊಂಡು ಒರಗಿದ, ಮತ್ತೆ ಏಳಲಿಲ್ಲ. ಇಲ್ಲಿಯೇ ದಫನ ಮಾಡಿದರು. ಮಣ್ಣಿಗಿಳಿಸಿದ ಕೈಗಳಲ್ಲಿ ತಮ್ಮ ಉಮ್ಮರಬ್ಬನದ್ದೂ ಇತ್ತು.

"ಅವರನ್ನು ಮಣ್ಣು ಮಾಡಿದ ಖಬರ್ ನೋಡಬೇಕು" ಎಂದಳು ಆಸ್ಯಮ್ಮ, ಬಂದ ದಿನವೇ, ಬುರ್ಖಾ ಕಳಚಿಡುವ ಮೊದಲೇ.

"ನೋಡುವ, ನೋಡುವ. ಮೊದಲು ಸ್ವಲ್ಪ ಸುಧಾರಿಸಿಕೊಳ್ಳಿ ಅತ್ತಿಗೆ" ಎಂದ ಉಮ್ಮರಬ್ಬ.

ಅವನ ಸಂಕಟ ಏನೆಂದು ಹೇಳಿಬಿಡುತ್ತೇನೆ. ನಮ್ಮ ಊರಿನ ಬ್ಯಾರಿಗಳಲ್ಲಿ ಖಬರಿನ ತಲೆಕಡೆಗೊಂದು, ಕಾಲಕಡೆಗೊಂದು ಮೀಸಾನ್ ಕಲ್ಲು ನೆಡುವುದು ರೂಢಿ. ಹೆಸರು ಕೆತ್ತದಿದ್ದರೂ ಮನೆಯವರಿಗೆ ಕಲ್ಲಿನ ಮುಖ ನೋಡಿದರೆ ಸಾಕು, ಇದು ಅಜ್ಜಿಯದ್ದು, ಇದು ಮಾವನದ್ದು ಎಂದು ಗೊತ್ತಾಗುತ್ತದೆ. ಜಿದ್ದಾದಲ್ಲಿ ಆ ಪದ್ಧತಿ ಇಲ್ಲ. ಮಣ್ಣು ಮುಚ್ಚಿ ಒಂದು ಕಲ್ಲಿನ ಚೂರು ಇಟ್ಟರೆ ಇಟ್ಟರು. ಎಲ್ಲ ಗುಡ್ಡೆಗಳೂ ಒಂದೇ ಥರ, ಎಲ್ಲ ಚೂರುಗಳೂ ಒಂದೇ ಬಣ್ಣ. ಉಮ್ಮರಬ್ಬ ಗೋಡೆಯ ಪಕ್ಕದ ಸಾಲು ಎಂದು ಮನಸ್ಸಿನಲ್ಲೇ ಗುರುತು ಇಟ್ಟುಕೊಂಡಿದ್ದ. ಆ ವಾರವೇ ಕಂಪೆನಿಯವರು ಅವನನ್ನು ದೇಶದ ಇನ್ನೊಂದು ತುದಿಯ ರಾಸ್ ತನೂರಾದ ಗೋದಾಮಿಗೆ ಕಳಿಸಿದರು. ತಿಂಗಳುಗಳ ಮೇಲೆ ತಿರುಗಿ ಬಂದು ನೋಡುವಾಗ ಗೋಡೆಯನ್ನು ಕೆಡವಿ ಆಚೆಗೆ ಕಟ್ಟಿದ್ದರು, ಹೊಸ ಸಾಲುಗಳು ಎದ್ದಿದ್ದವು. ಮೂರು ಶುಕ್ರವಾರ ಹುಡುಕಿದ. ಒಡಹುಟ್ಟಿದ ಅಣ್ಣ ಯಾವ ಮಣ್ಣಿನ ಕೆಳಗಿದ್ದಾನೆಂದು ತಿಳಿಯದೆ ಅಲ್ಲಿಯೇ ಕೂತು ಮಗುವಿನಂತೆ ಅತ್ತ.

ಮುಂದೆ ರಜೆಯಲ್ಲಿ ಊರಿಗೆ ಹೋದಾಗ ಆಸ್ಯಮ್ಮ ಅವನ ಬಟ್ಟಲಿಗೆ ರೊಟ್ಟಿ ಹಾಕುತ್ತಾ ಕೇಳಿದ್ದಳು, "ಕಲ್ಲು ನೆಟ್ಟಿದ್ದೀಯಲ್ಲ?" ಬಾಯಿ ತುಂಬ ರೊಟ್ಟಿ ಇತ್ತು. ಉಮ್ಮರಬ್ಬ "ಹೂಂ" ಎಂದ. ಅಷ್ಟೇ. ಆ ಒಂದು ಹೂಂ ಅಂದಿನಿಂದ ಬಿಸಿತುಪ್ಪದಂತೆ ಗಂಟಲಲ್ಲೇ ಇತ್ತು, ನುಂಗಲೂ ಆಗದು, ಉಗುಳಲೂ ಆಗದು.

ಅವನು ಒಂದು ದಾರಿ ಯೋಚಿಸಿಟ್ಟಿದ್ದ. ಮರುದಿನ ಅತ್ತಿಗೆ ಮತ್ತೆ ಕೇಳಿದಾಗ ಅದನ್ನೇ ಹಿಡಿದ. "ಇಲ್ಲಿ ಹೆಂಗಸರನ್ನು ದಫನಭೂಮಿಯ ಒಳಗೆ ಬಿಡುವುದಿಲ್ಲ ಅತ್ತಿಗೆ. ಕಾನೂನು ಹಾಗೆ."

ಅದು ಸುಳ್ಳಲ್ಲ. ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡ ಉಮ್ಮರಬ್ಬ. ಅಷ್ಟರಲ್ಲಿ ಆಸ್ಯಮ್ಮ ಎದ್ದುಹೋಗಿ, ಹಡಗಿನಿಂದ ಇಳಿಸುವಾಗ ಇಬ್ಬರು ಹಿಡಿದಿದ್ದ ತನ್ನ ರೆಕ್ಸಿನ್ ಚೀಲವನ್ನು ಎಳೆದುತಂದಳು. ಕುಚ್ಚಲಕ್ಕಿ, ಒಣಮೀನು, ಮಾವಿನ ಉಪ್ಪಿನಕಾಯಿಯ ಡಬ್ಬ ಎಲ್ಲ ತೆಗೆದಿಟ್ಟ ಮೇಲೆ ತಳದಿಂದ ಹಳೆಯ ಲುಂಗಿಯಲ್ಲಿ ಸುತ್ತಿದ ಒಂದು ಕಲ್ಲು ಹೊರಬಂತು. ನಮ್ಮ ಕಡೆ ಮನೆ ಕಟ್ಟುವ ಕೆಂಪು ಮುರಕಲ್ಲು. ಮೊಣಕೈ ಉದ್ದ, ಮೇಲ್ತುದಿ ದುಂಡಗೆ ಕೆತ್ತಿದ್ದು.

"ನಿನ್ನ ಅಣ್ಣ ಇನ್ನೊಂದು ಕೋಣೆ ಕಟ್ಟಬೇಕೂಂತ ಇಳಿಸಿದ ಕಲ್ಲು ಹಾಗೆಯೇ ಅಂಗಳದಲ್ಲಿ ಉಂಟಲ್ಲ, ಅದರಲ್ಲಿ ಒಂದನ್ನು ಕಲ್ಲು ಕೆತ್ತುವ ಕೊರಗಪ್ಪನ ಹತ್ತಿರ ಕೆತ್ತಿಸಿದೆ. ಕಾಲಿಗೆ ನೀನು ನೆಟ್ಟದ್ದೇ ಇರಲಿ. ತಲೆಗೆ ಮನೆಯ ಕಲ್ಲು ಬೇಕು" ಎಂದಳು ಆಸ್ಯಮ್ಮ. "ನಾನು ಗೇಟಿನ ಹೊರಗೆ ನಿಲ್ಲುತ್ತೇನೆ. ನೀನು ಒಳಗೆ ಹೋಗಿ ನೆಟ್ಟು ಬಾ. ಅಷ್ಟು ಸಾಕು ನನಗೆ."

ಉಮ್ಮರಬ್ಬನಿಗೆ ಅಂದು ಊಟ ಸೇರಲಿಲ್ಲ. ಝೊಹರಾ ಅಡುಗೆಮನೆಗೆ ಕರೆದು, "ಹೇಳಿಬಿಡಿ ಅವರಿಗೆ. ಎಷ್ಟು ದಿನಾಂತ ಮುಚ್ಚಿಡುತ್ತೀರಿ?" ಎಂದಳು. "ಶುಕ್ರವಾರ ಹೇಳುತ್ತೇನೆ" ಎಂದ. ಶುಕ್ರವಾರ ಬಂತು. ಪೊಡಿಯಬ್ಬ ಹಜ್‌ನ ನಡಿಗೆಯಿಂದ ಬಾತುಕೊಂಡ ಕಾಲು ಚಾಚಿ ಮನೆಯಲ್ಲೇ ಮಲಗಿದ. ಆಸ್ಯಮ್ಮ ಮಾತ್ರ ಜುಮಾ ಮುಗಿಯುವ ಮೊದಲೇ ಹೊರಟು ನಿಂತಿದ್ದಳು, ಲುಂಗಿಯಲ್ಲಿ ಸುತ್ತಿದ ಕಲ್ಲನ್ನು ಕಂಕುಳಲ್ಲಿ ಮಗುವಿನ ಹಾಗೆ ಇರಿಸಿಕೊಂಡು.

"ಮೊದಲು ನಾಲ್ಕು ಜಾಗ ನೋಡಿಕೊಂಡು ಹೋಗುವ" ಎಂದ ಉಮ್ಮರಬ್ಬ.

ಕಾರು ಸೈಕಲ್ ಇರುವ ವೃತ್ತವನ್ನು ಸುತ್ತಿತು. ತಮಾಷೆ ಬಾಯಿಗೆ ಬರಲಿಲ್ಲ. ಕಾರ್ನಿಶ್‌ನಲ್ಲಿ ಕಾರು ನಿಂತಾಗ ಝೊಹರಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಆಸ್ಯಮ್ಮ ಕಡಲನ್ನು ನೋಡಿ, "ಇದೆಂತ ಕಡಲು ಮಾರಾಯ, ಸದ್ದೇ ಇಲ್ಲ. ನಮ್ಮ ಉಳ್ಳಾಲದ್ದು ಮನೆಯೊಳಗೆ ಕೂತರೂ ಕೇಳುತ್ತದೆ" ಎಂದಳು. ಮತ್ತೆ, "ಅವರು ಇಲ್ಲಿಗೆ ಬರುತ್ತಿದ್ದರಾ?" ಎಂದು ಕೇಳಿದಳು. ಬರುತ್ತಿದ್ದ. ಇದೇ ಕಟ್ಟೆಯ ಮೇಲೆ ಕೂತು ಕಡಲೆ ತಿನ್ನುತ್ತಾ, ಕಟ್ಟಬೇಕಾದ ಕೋಣೆಯ ಕಿಟಕಿ ಯಾವ ಕಡೆಗಿರಬೇಕೆಂದು ತಮ್ಮನ ಹತ್ತಿರ ಚರ್ಚೆ ಮಾಡುತ್ತಿದ್ದ. ಉಮ್ಮರಬ್ಬ ಅದನ್ನು ಹೇಳಿದ. ಆ ದಿನ ಅಲ್ಲಿಯವರೆಗೆ ಅವನು ಹೇಳಿದ ನಿಜ ಅದೊಂದೇ. ಆಸ್ಯಮ್ಮ ಎದ್ದುಹೋಗಿ ಕಟ್ಟೆಯನ್ನು ಕೈಯಿಂದ ಸವರಿ ಬಂದಳು.

"ಇನ್ನು ಅಲ್ಲಿಗೆ ಹೋಗುವನಾ?" ಎಂದಳು.

"ಒಂದು ಮ್ಯೂಸಿಯಂ ಉಂಟು" ಎಂದ ಉಮ್ಮರಬ್ಬ. ಝೊಹರಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವನು ಸಾದುಲ್ಲಾ, ಭಟ್ಕಳದವನು. ಕನ್ನಡ ಮಾತಾಡಲು ಜನ ಸಿಕ್ಕರೆಂದರೆ ಅವನಿಗೆ ಹಬ್ಬ. ಕತ್ತಿ, ಕಂಬಳಿಗಳನ್ನು ದಾಟಿಸಿ ಹಿಂದಿನ ಕೋಣೆಗೆ ಕರೆದೊಯ್ದ. ಗಾಜಿನ ಪೆಟ್ಟಿಗೆಗಳಲ್ಲಿ ಬೆಳ್ಳಿಯ ಸರಗಳು, ಕೂದಲೆಳೆಯಷ್ಟು ಸಪುರ ತಂತಿಯ ಕುಸುರಿ, ಮದುಮಗಳ ತಲೆಗಿಡುವ ಕಿರೀಟ, ಅವರ ಪವಿತ್ರ ಶನಿವಾರಕ್ಕೆ ಹಚ್ಚುವ ದೀಪ. "ಏಡನ್ನಿನಲ್ಲಿ ಬೆಳ್ಳಿ ಕೆಲಸ ಅಂದರೆ ಇವರದ್ದೇ. ಅರಬರ ಹೆಣ್ಣುಮಕ್ಕಳೂ ಮದುವೆಗೆ ಇದನ್ನೇ ಹಾಕುತ್ತಿದ್ದರು" ಎಂದ ಸಾದುಲ್ಲಾ.

ಆಸ್ಯಮ್ಮ ಬೆಳ್ಳಿಯನ್ನು ನೋಡಲಿಲ್ಲ. ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಒಂದು ಕಲ್ಲಿನ ಎದುರು ನಿಂತಳು. ಬೂದು ಬಣ್ಣದ ಕಲ್ಲು, ಮೇಲ್ತುದಿ ದುಂಡಗೆ. ಮೈಮೇಲೆ ಯಾರಿಗೂ ಓದಲು ಬಾರದ ಅಕ್ಷರ.

"ಇದು ಮೀಸಾನ್ ಕಲ್ಲಲ್ವಾ? ಖಬರಿನ ಹತ್ತಿರ ಇರಬೇಕಾದ್ದನ್ನು ಇಲ್ಲಿ ಯಾಕೆ ಇಟ್ಟಿದ್ದಾರೆ?"

"ಅವರದ್ದೂ ಹಾಗೆಯೇ ಅಮ್ಮ, ಕಲ್ಲು ನಿಲ್ಲಿಸುತ್ತಾರೆ" ಎಂದ ಸಾದುಲ್ಲಾ. "ಈ ಮನೆಯ ಯಜಮಾನರು, ನಮ್ಮ ಶೇಖ್, ಪ್ರಾಯದಲ್ಲಿ ಏಡನ್ನಿನಲ್ಲಿ ಇದ್ದರು. ಪಕ್ಕದ ಮನೆಯಲ್ಲಿ ಒಬ್ಬ ಯಹೂದಿ ಅಕ್ಕಸಾಲಿ. ಅವನ ಹೆಂಡತಿ ತೀರಿಹೋದಳು. ಕಲ್ಲು ಕೆತ್ತಿಸಿದ. ಅದನ್ನು ನಿಲ್ಲಿಸುವ ಮೊದಲೇ ಯಹೂದಿಗಳೆಲ್ಲ ಊರು ಬಿಟ್ಟು ಹೊರಡುವ ಹಾಗಾಯಿತು. ಹೋಗುವಾಗ ಈ ಕಲ್ಲನ್ನು ನಮ್ಮ ಶೇಖ್ ಕೈಯಲ್ಲಿ ಕೊಟ್ಟು, ನೀನು ನಿಲ್ಲಿಸು ಅಂದ. ಇವರು ಆಯ್ತು ಅಂದರು."

"ಮತ್ತೆ?"

"ನಿಲ್ಲಿಸಲಿಲ್ಲ. ಇಲ್ಲಿಗೆ ಬರುವಾಗ ಜೊತೆಗೇ ತಂದರು. ಮೂವತ್ತೈದು ವರ್ಷದ ಮೇಲಾಯಿತು."

ಆಸ್ಯಮ್ಮನ ದನಿ ಗಡುಸಾಯಿತು. "ಇದೆಂತ ಮನುಷ್ಯ? ಒಪ್ಪಿಕೊಂಡ ಮೇಲೆ ನೆಡಬೇಕಿತ್ತಲ್ಲ. ಆ ಗಂಡ ಎಲ್ಲಿದ್ದಾನೋ, ಹೆಂಡತಿಯ ತಲೆಕಡೆ ಕಲ್ಲು ಉಂಟು ಅಂತ ನಂಬಿಕೊಂಡೇ ಸತ್ತಿರಬೇಕು."

"ಗುಡ್ಡೆ ಯಾವುದು ಅಂತ ಗೊತ್ತಾಗದಿದ್ದರೆ ಎಲ್ಲಿ ನೆಡುವುದು ಅತ್ತಿಗೆ?" ಎಂದ ಉಮ್ಮರಬ್ಬ. "ಹೋಗಿ ಹುಡುಕಿರುತ್ತಾರೆ. ಹೇಳುವವರು ಯಾರೂ ಇರಲಿಲ್ಲ. ಎಲ್ಲ ಒಂದೇ ಥರ ಇದ್ದರೆ ಮನುಷ್ಯ ಎಂತ ಮಾಡಬೇಕು? ಯಾರದ್ದೋ ತಲೆಗೆ ತಂದು ಊರಬೇಕಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದವರೂ ಇರಲಿಲ್ಲ. ಸಾದುಲ್ಲಾ ಅಚ್ಚರಿಯಿಂದ ನೋಡಿದ, ಏಕೆಂದರೆ ಅವನು ಹೇಳಲಿದ್ದ ಉಳಿದ ಕಥೆಯೂ ಅದೇ ಆಗಿತ್ತು. ಆಸ್ಯಮ್ಮ ಮೈದುನನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಕಂಕುಳಲ್ಲಿದ್ದ ಕಲ್ಲನ್ನು ಮೆಲ್ಲನೆ ನೆಲದ ಮೇಲಿಟ್ಟಳು.

"ನೀನು ನೆಟ್ಟಿಲ್ಲ" ಎಂದಳು.

ಉಮ್ಮರಬ್ಬ ಬಗ್ಗಿ, ಕಲ್ಲಿನ ಮೇಲಿಂದ ಜಾರಿದ ಲುಂಗಿಯನ್ನು ಮತ್ತೆ ಹೊದಿಸಿದ.

"ಎಲ್ಲಿ ಅಂತಲೂ ಗೊತ್ತಿಲ್ಲ ನಿನಗೆ."

"ಮೂರು ವಾರ ಹುಡುಕಿದೆ ಅತ್ತಿಗೆ. ಅಲ್ಲಾಹನಾಣೆ ಹುಡುಕಿದೆ" ಎಂದ ಉಮ್ಮರಬ್ಬ. "ಇಲ್ಲಿ ಯಾರಿಗೂ ಕಲ್ಲಿಲ್ಲ. ಸತ್ತ ಮೇಲೆ ರಾಜನೂ ಒಂದೇ, ಕೂಲಿಯವನೂ ಒಂದೇ. ಇಲ್ಲಿ ರಾಜರಿಗೂ ಕಲ್ಲು ನೆಡುವುದಿಲ್ಲ."

"ರಾಜನಿಗೆ ಕಲ್ಲು ಯಾಕೆ ಉಮ್ಮರಬ್ಬ? ಅವನ ಪಟ ನೋಟಿನಲ್ಲಿ ಉಂಟು" ಎಂದಳು ಆಸ್ಯಮ್ಮ. "ನಿನ್ನ ಅಣ್ಣ ಇದ್ದರು ಅನ್ನುವುದಕ್ಕೆ ಈ ಊರಿನಲ್ಲಿ ಎಂತ ಉಂಟು?"

ಅವಳು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಬೈದಿದ್ದರೆ ಉಮ್ಮರಬ್ಬನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಆ ಬೂದು ಕಲ್ಲಿನ ಪಕ್ಕದಲ್ಲಿ ನೆಲಕ್ಕೆ ಕೂತು, ಬುರ್ಖಾದ ಅಂಚಿನಲ್ಲಿ ಮುಖ ಮುಚ್ಚಿಕೊಂಡು, ನಾಲ್ಕು ವರ್ಷದಿಂದ ಹಿಡಿದಿಟ್ಟದ್ದನ್ನೆಲ್ಲ ಸದ್ದಿಲ್ಲದೆ ಅತ್ತಳು. ಸುದ್ದಿ ಬಂದ ದಿನ ಮನೆತುಂಬ ಜನ, ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಹೆಣ ನೋಡಲಿಲ್ಲ, ಮಣ್ಣು ನೋಡಲಿಲ್ಲ. ಕಲ್ಲು ಉಂಟು ಎಂಬುದೊಂದೇ ಅವಳ ಪಾಲಿಗೆ ಉಳಿದದ್ದು. ಈಗ ಅದೂ ಹೋಯಿತು. ಝೊಹರಾ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು.

ಸಾದುಲ್ಲಾ ಕೆಮ್ಮಿ, "ಬೇಕಾದರೆ ಇದನ್ನು ಇಲ್ಲೇ ಇಡಿ ಅಮ್ಮ. ಶೇಖ್ ಹತ್ತಿರ ನಾನು ಹೇಳುತ್ತೇನೆ. ಅವರಿಗೆ ಅರ್ಥ ಆಗುತ್ತದೆ" ಎಂದ.

ಆಸ್ಯಮ್ಮ ಯೋಚಿಸಿದಳು. "ಬೇಡ" ಎಂದಳು. "ಇಲ್ಲಿಗೆ ಬರುವವರು ನೋಡಿಕೊಂಡು ಹೋಗುತ್ತಾರೆ. ಅವರಿಗೇಂತ ಕುರ್‌ಆನಿನ ಯಾಸೀನ್ ಓದುವವರು ಯಾರಿದ್ದಾರೆ?"

ತಿರುಗಿ ಬರುವಾಗ ಕಲ್ಲು ಅವಳ ಮಡಿಲಲ್ಲಿತ್ತು.

ಹಡಗು ಹೊರಡುವ ದಿನ ಉಮ್ಮರಬ್ಬ ಅವಳ ಸಾಮಾನು ಕಾರಿಗೆ ತುಂಬತೊಡಗಿದ. ರೆಕ್ಸಿನ್ ಚೀಲವನ್ನು ಒಂದೇ ಕೈಯಲ್ಲಿ ಎತ್ತಿದ, ಹಗುರವಾಗಿತ್ತು.

"ಕಲ್ಲು?"

"ಒಳಗೆ ಉಂಟು, ನಿನ್ನ ಕೋಣೆಯಲ್ಲಿ" ಎಂದಳು ಆಸ್ಯಮ್ಮ. "ಅವರನ್ನು ಇಲ್ಲಿ ಬಿಟ್ಟು ಅವರ ಕಲ್ಲನ್ನು ಮಾತ್ರ ತಿರುಗಿ ಕೊಂಡುಹೋಗಲಿಕ್ಕೆ ನನ್ನಿಂದ ಆಗುವುದಿಲ್ಲ. ನೀನು ಹೂಂ ಅಂದವನಲ್ವಾ, ನಿನ್ನ ಹತ್ತಿರ ಇರಲಿ. ಊರಿಗೆ ಬರುವಾಗ ತರಬೇಡ. ಅವರಿರುವ ಊರಿನಲ್ಲೇ ಇರಲಿ."

ಬಂದರಿನ ಬಾಗಿಲಲ್ಲಿ ಮೈದುನನ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಆಮೇಲಿನ ಶುಕ್ರವಾರಗಳಲ್ಲೂ ಉಮ್ಮರಬ್ಬ ಜನರನ್ನು ತಿರುಗಾಡಿಸಿದ. ಸೈಕಲ್ ತೋರಿಸುತ್ತಿದ್ದ, ಕಡಲು ತೋರಿಸುತ್ತಿದ್ದ. ಯಹೂದಿ ಮ್ಯೂಸಿಯಂ ಎಂದು ಯಾರಾದರೂ ನೆನಪಿಸಿದರೆ, ಬಾಗಿಲು ಮುಚ್ಚಿದೆ ಎನ್ನುತ್ತಿದ್ದ. ಜೊತೆಗೆ ಬಂದವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಊರಿಗೆ ಮರಳಿದರು. ಕಂಪೆನಿಯೂ ಒಮ್ಮೆ ಲೆಕ್ಕ ಚುಕ್ತಾ ಮಾಡಿ ಕಳಿಸಲು ತಯಾರಿತ್ತು. ಉಮ್ಮರಬ್ಬ ವೀಸಾಕ್ಕೆ ಜಾಮೀನು ನಿಲ್ಲುವ ಇನ್ನೊಬ್ಬ ಕಫೀಲನನ್ನು ಹಿಡಿದು ಅಲ್ಲೇ ಉಳಿದುಕೊಂಡ. ಎಂತ ಮಾರಾಯ, ಸಾಕಾಗಲಿಲ್ಲವಾ ಎಂದು ಕೇಳಿದವರಿಗೆ ನಕ್ಕುಬಿಡುತ್ತಿದ್ದ.

ಆಸ್ಯಮ್ಮ ಹೋದ ದಿನ ಆ ಕಲ್ಲನ್ನು ಯಾರ ಕಣ್ಣಿಗೂ ಬೀಳದಿರಲೆಂದು ಅವನು ಮಂಚದ ಕೆಳಗೆ ತಳ್ಳಿದ್ದ. ಆ ಮಂಚದ ಪಕ್ಕ ಕೂತು ಪ್ರತಿ ಶುಕ್ರವಾರ ಬೆಳಿಗ್ಗೆ ಯಾಸೀನ್ ಓದುತ್ತಿದ್ದ. ಒಂದು ದಿನ ಕಸ ಗುಡಿಸಲು ಬಗ್ಗಿದ ಝೊಹರಾ ನೋಡಿದಳು. ಕಲ್ಲು ಇದ್ದದ್ದು ಗಂಡ ಮಲಗುವ ಕಡೆ, ಸರಿಯಾಗಿ ಅವನ ತಲೆದಿಂಬಿನ ಕೆಳಗೆ.

"ಖಬರಿನ ಕಲ್ಲು ನಿಮ್ಮ ತಲೆಕಡೆಗೆ ಬಂದಿದೆ. ಒಳ್ಳೆಯದಲ್ಲ, ಸ್ವಲ್ಪ ಆಚೆಗೆ ಸರಿಸಿ" ಎಂದಳು.

"ಇರಲಿ ಬಿಡು" ಎಂದ ಉಮ್ಮರಬ್ಬ. "ತಲೆಕಡೆಗೇ ಇರಬೇಕಾದ್ದು ಅದು."