ಎಡಕ್ಕೆ ಸರಿಯುವ ನಗು

ನಮ್ಮ ಡಾಕ್ಟರಮ್ಮ ನಕ್ಕರೆ ಬಾಯಿ ಎಡಕ್ಕೆ ಸರಿಯುತ್ತಿತ್ತು. ಬಲಗಡೆಯ ತುಟಿ ಇದ್ದಲ್ಲೇ ಇರುತ್ತಿತ್ತು. ಎಡಗಡೆಯದು ಅರ್ಧ ಕೆನ್ನೆಯವರೆಗೂ ಹೋಗಿ ಒಂದು ಗುಳಿ ಮಾಡಿಕೊಂಡು ನಿಲ್ಲುತ್ತಿತ್ತು. ಮೊದಲ ಸಲ ನೋಡಿದಾಗ ನನಗೆ ಏಳು ವರ್ಷ. ದವಡೆ ಮುರಿದು, ಬಾಯಿ ತೆರೆಯಲಾಗದೆ ಅಮ್ಮನಿಗೆ ಅಂಟಿಕೊಂಡು ಕೂತಿದ್ದೆ. ಅಷ್ಟು ನೋವಿನಲ್ಲೂ, ಇಷ್ಟು ಚಂದದ ನಗು ನಾನು ಕಂಡೇ ಇಲ್ಲ ಅನ್ನಿಸಿತ್ತು.

ದವಡೆ ಮುರಿದುಕೊಂಡ ಕಥೆ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. ಜಕ್ಕೂರಿನ ನಮ್ಮ ಮನೆಯ ಮೇಲೆ ಹಾರಾಟ ಕಲಿಸುವ ಶಾಲೆಯ ಪುಟ್ಟ ವಿಮಾನಗಳು ಸುತ್ತುತ್ತಲೇ ಇರುತ್ತಿದ್ದವು. ಸೈಕಲ್ ತುಳಿಯುತ್ತಾ ಒಂದಕ್ಕೆ ಟಾಟಾ ಮಾಡಲು ಹೋಗಿ ಮೋರಿಯ ಕಲ್ಲಿಗೆ ಗದ್ದ ಕೊಟ್ಟೆ. ಪೈಲಟ್ಟಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ.

ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. ಮುರಿದ ಮೂಳೆ ಕೂಡಿಸಿ ಮೇಲೊಂದು ಪ್ಲಾಸ್ಟಿಕ್ಕಿನಂಥ ಪುಟ್ಟ ಪಟ್ಟಿ ಕೂರಿಸಬೇಕು, ಅದು ಮೈಯೊಳಗೇ ನಿಧಾನವಾಗಿ ಕರಗಿ ಹೋಗುವಂಥದ್ದು ಎಂದರು. ಅಮ್ಮನಿಗೆ ಗಾಬರಿ.

"ಕರಗೋದನ್ನ ನಂಬ್ಕೊಳ್ಳೋದು ಹೆಂಗೆ ಡಾಕ್ಟ್ರೇ? ಹೆಣ್ಣುಮಗು. ಮುಖ ಸೊಟ್ಟಗಾಗ್ಬಿಟ್ರೆ? ಸ್ಟೀಲೋ ಗೀಲೋ, ಗಟ್ಟಿಯಾಗಿರೋದೇ ಹಾಕ್ಬಿಡಿ."

ಹೇಳಿದ ಮೇಲೆ ಎದುರಿಗಿದ್ದ ಮುಖ ನೋಡಿ ಅಮ್ಮ ನಾಲಿಗೆ ಕಚ್ಚಿಕೊಂಡಳು.

ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ನೋಡಮ್ಮಾ, ನಾನೂ ಇವಳಷ್ಟಿದ್ದಾಗ ಬಿದ್ದಿದ್ದೆ. ಆಗ ಗಟ್ಟೀದೇ ಹಾಕಿದ್ರು. ಮೂಳೆ ಕೂಡ್ತು, ಆದ್ರೆ ಪಟ್ಟಿ ತೆಗೆಸೋಕೆ ನಮ್ಮನೇಲಿ ಆಗ್ಲೇ ಇಲ್ಲ. ನಾನು ಬೆಳೆದೆ, ಆ ಕಡೆ ದವಡೆ ಬೆಳೀಲಿಲ್ಲ. ಇವಳಿನ್ನೂ ಬೆಳೀಬೇಕಲ್ವಾ? ಮೂಳೆ ಗಟ್ಟಿಯಾಗೋವರೆಗೂ ಇದು ಹಿಡ್ಕೊಂಡಿರುತ್ತೆ, ಆಮೇಲೆ ದಾರಿ ಬಿಡುತ್ತೆ."

ತೋರಿಸಲೆಂದೇ ಇಟ್ಟುಕೊಂಡಿದ್ದ ಒಂದು ಪಟ್ಟಿಯನ್ನು ಬಿಸಿನೀರಿಗೆ ಅದ್ದಿ, ಮೆತ್ತಗಾದ ಮೇಲೆ ತಮ್ಮ ಹೆಬ್ಬೆರಳಿನ ಸುತ್ತ ಬಗ್ಗಿಸಿದರು. ಆರುತ್ತಲೇ ಅದು ಬಿರುಸಾಯಿತು. ಅಮ್ಮ ಅದನ್ನು ನೆಟ್ಟಗೆ ಮಾಡಲು ನೋಡಿ, ಸೋತು, ಒಪ್ಪಿಕೊಂಡಳು.

ಆಪರೇಷನ್ ಆದ ಮೇಲೆ ತಪಾಸಣೆಗೆ ಹೋದಾಗಲೆಲ್ಲ ಅವರದೊಂದು ಪದ್ಧತಿ. ಟಾರ್ಚನ್ನು ನನ್ನ ಕೈಗೆ ಕೊಟ್ಟು, "ಮೊದ್ಲು ನಂದು ನೋಡು, ಆಮೇಲೆ ನಿಂದು" ಎಂದು ಬಾಯಿ ತೆರೆಯುತ್ತಿದ್ದರು. ನಾನು ಗಂಭೀರವಾಗಿ ನೋಡಿ ಹುಳುಕು ಹಲ್ಲುಗಳ ವರದಿ ಒಪ್ಪಿಸುತ್ತಿದ್ದೆ. ಅವರು ನಗುತ್ತಿದ್ದರು. ಆ ನಗುವಿಗಾಗಿಯೇ ನನಗೆ ಆಸ್ಪತ್ರೆ ಇಷ್ಟವಾಗಿತ್ತು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, ನಾನು ನಕ್ಕಿದ್ದನ್ನು ಕಂಡ ಅಮ್ಮನ ಕೈಯಿಂದ ಸೌಟು ಬಿತ್ತು. ನನ್ನ ಬಾಯಿ ಎಡಕ್ಕೆ ಸರಿದಿತ್ತು! ಪಟ್ಟಿ ಬೇಗ ಕರಗಿಬಿಟ್ಟಿದೆ, ಮಗಳ ಮುಖ ಹೋಯಿತು ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಅಳುತ್ತಾ ಬಂದಳು.

ಡಾಕ್ಟರಮ್ಮನ ಮುಖವೂ ಬಿಳಿಚಿಕೊಂಡಿತು. ಆವತ್ತು ಟಾರ್ಚು ನನ್ನ ಕೈಗೆ ಬರಲಿಲ್ಲ. ದವಡೆಯುದ್ದಕ್ಕೂ ಬೆರಳಾಡಿಸಿದರು, ಹಲ್ಲು ಕಚ್ಚಿಸಿದರು, ಎಕ್ಸ್‌ರೇ ತೆಗೆಸಿದರು. ಮೂಳೆ ಸರಿಯಾಗಿ ಕೂಡಿತ್ತು, ಎಲ್ಲವೂ ನೆಟ್ಟಗಿತ್ತು.

"ಅಮ್ಮಂಗೆ ತೋರಿಸಿದ ನಗು ನನಗೂ ತೋರ್ಸು, ಪುಟ್ಟಿ."

ತೋರಿಸಿದೆ.

"ಯಾಕೇ ಹಿಂಗೆ ನಗ್ತೀಯ?"

"ನಿಮ್ ಥರ ನಗ್ಬೇಕು ಅಂತ ಕನ್ನಡಿ ಮುಂದೆ ಕಲ್ತ್ಕೊಂಡೆ."

ಅಮ್ಮ ತಲೆ ಚಚ್ಚಿಕೊಂಡಳು. ಡಾಕ್ಟರಮ್ಮನ ಕಣ್ಣು ತುಂಬಿ ಬಂತು. "ಇದನ್ನ ಮುಚ್ಚೋಕೆ ಕಾಲೇಜು ಮುಗಿಯೋವರೆಗೂ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ನಗ್ತಿದ್ದೆ ಕಣೇ," ಎಂದು ನನ್ನ ಗದ್ದ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

ನನ್ನ ಮುಖ ನೆಟ್ಟಗೇ ಬೆಳೆಯಿತು. ಒಳಗಿದ್ದ ಪಟ್ಟಿ ಯಾವಾಗ ಕರಗಿತೋ ನನಗೆ ಗೊತ್ತೇ ಆಗಲಿಲ್ಲ.

ಹೋದ ವರ್ಷ ಡಾಕ್ಟರಮ್ಮ ತೀರಿಕೊಂಡರು. ಆರ್.ಟಿ. ನಗರದ ಅವರ ಮನೆಗೆ ಅಮ್ಮನೂ ನಾನೂ ಹೋದೆವು. ಹಾರ ಹಾಕಿದ ಫೋಟೋ ನೋಡಿ ನನಗೆ ಗುರುತೇ ಸಿಗಲಿಲ್ಲ. ಸ್ಟುಡಿಯೋದವರು ಬಾಯನ್ನು ನೆಟ್ಟಗೆ ಮಾಡಿಬಿಟ್ಟಿದ್ದರು.

"ಚೆನ್ನಾಗಿ ಕಾಣ್ಲಿ ಅಂತ ಸರಿ ಮಾಡಿದ್ರಂತೆ," ಎಂದರು ಅವರ ಯಜಮಾನರು. "ನೋಡಿದ್ರೆ ಬೇರೆ ಯಾರೋ ಅನ್ಸುತ್ತೆ. ಅವಳು ಇಲ್ವೇ ಇಲ್ಲ ಇದರಲ್ಲಿ."

ಕಣ್ಣೊರೆಸಿಕೊಂಡು, ಏಳನೇ ವಯಸ್ಸಿನಲ್ಲಿ ಕನ್ನಡಿಯ ಮುಂದೆ ಕಲಿತಿದ್ದ ನಗುವನ್ನು ಅವರಿಗೆ ನಕ್ಕು ತೋರಿಸಿದೆ. ಅವರು ಹತ್ತಿರ ಬಂದು ನನ್ನ ಮುಖವನ್ನೇ ನೋಡಿದರು.

"ಹೌದು ಕಣಮ್ಮಾ," ಎಂದರು. "ಹಿಂಗೇ ನಗ್ತಿದ್ಲು."