ಮುಷ್ಟಿಯಲ್ಲಿದ್ದ ಮಾತ್ರೆ

ಇಷ್ಟು ಬೇಗ ಬಿಪಿ ಮಾತ್ರೆ ಶುರುವಾಯಿತೆಂದು ಹೇಳಿಕೊಳ್ಳಲು ನನಗೆ ನಾಚಿಕೆ. ಬಾಣಾವರದ ನಮ್ಮ ಮನೆಗೆ ನೆಂಟರು ಬಂದ ದಿನ ನುಂಗುತ್ತಲೇ ಇರಲಿಲ್ಲ. ಅದು ಗೊತ್ತಾಗಿ ಅರಸೀಕೆರೆಯ ಡಾಕ್ಟರು ಬೈದರು.

"ನಿಮ್ಮತ್ತೆಗೂ ಬಿಪಿ ಇತ್ತು, ವರ್ಷಗಟ್ಟಲೆ ಔಷಧಿ ತಗೊಳ್ಳಲಿಲ್ಲ. ಅವರ ಮರೆವಿಗೆ ಅದೂ ಒಂದು ಕಾರಣ ಇರಬಹುದು. ನೀವಾದರೂ ಬಿಡಬೇಡಿ."

ಮರುದಿನ ನನ್ನ ಓರಗಿತ್ತಿ ಊಟಕ್ಕೆ ಬಂದಿದ್ದಳು. ಅವಳಿಗೆ ಕಾಣದಂತೆ ಮಾತ್ರೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಮಕ್ಕಳ ಹೆಸರನ್ನೇ ಮರೆತಿದ್ದ ಅತ್ತೆ ನನ್ನ ಬೆರಳು ಬಿಡಿಸಿ ನೋಡಿದರು.

"ನುಂಗವ್ವ. ನಂಗೂ ಕೊಟ್ಟಿದ್ರು. ಜನ ಏನಂದಾರು ಅಂತ ಹಿತ್ಲಿಗೆ ಎಸ್ದೆ" ಎಂದರು.

ಓರಗಿತ್ತಿಯ ಎದುರಿಗೇ ನುಂಗಿದೆ. ದಿನವೂ ಅತ್ತೆಯ ಮರೆವನ್ನು ಕಾಣುತ್ತಲೇ ಮಾತ್ರೆ ಬಚ್ಚಿಟ್ಟಿದ್ದೆನಲ್ಲ ಎಂದು ತಲೆಯೆತ್ತಲಾಗಲಿಲ್ಲ. ಅತ್ತೆ ನನ್ನ ಬೆನ್ನು ಸವರಿ, "ನೀನ್ಯಾರ ಮನೆ ಮಗಳವ್ವ?" ಎಂದು ಕೇಳಿದರು.